ಕಂಬಳಿ ಕೆಳಗಿನ ಕೋಟಾ

ನಮ್ಮ ಆಫೀಸಿನ ಹೆಸರು ನಮ್ಮ ಆಫೀಸಿಗಿಂತ ಉದ್ದವಾಗಿತ್ತು. ಇಚಲಕರಂಜಿಯ ಮಗ್ಗದ ಮಾಲೀಕರು ಒಂದಾಗಿ, ತಮ್ಮ ಬಟ್ಟೆಯೂ ಸಮುದ್ರ ದಾಟಬೇಕೆಂಬ ಆಸೆಯಿಂದ, ನೂಲಿನ ಅಂಗಡಿಯ ಪಕ್ಕದ ಕೋಣೆಯೊಂದರಲ್ಲಿ 'ಸಾಗರೋತ್ತರ ಬಟ್ಟೆ ವ್ಯಾಪಾರ ನೀತಿ ಸಲಹಾ ಕೇಂದ್ರ'ವನ್ನು ತೆರೆದಿದ್ದರು. ಬರೆಸಿ ತಂದ ಬೋರ್ಡು ಕೋಣೆಯ ಮುಂದೆ ಹಿಡಿಸಲಿಲ್ಲ. ಅದು ಮಗ್ಗುಲಿನ ಹಿಟ್ಟಿನ ಗಿರಣಿಯ ಮೇಲೂ ಚಾಚಿಕೊಂಡಿತು. 'ಸಾಗರೋತ್ತರ ಬಟ್ಟೆ ವ್ಯಾಪಾರ' ನಮ್ಮ ಪಾಲಿಗೆ ಬಂತು, 'ನೀತಿ ಸಲಹಾ ಕೇಂದ್ರ' ಗಿರಣಿಯ ಪಾಲಿಗೆ ಹೋಯಿತು. ಜೋಳ ಬೀಸಿಸಲು ಬಂದ ಹೆಂಗಸರು ಗಿರಣಿಯವನ ಮುಂದೆ ಸೊಸೆಯಂದಿರ ದೂರು ಹೇಳಿಕೊಂಡು ಸಲಹೆ ಕೇಳುತ್ತಿದ್ದರು. ಅವನೂ ಹಿಂದೆಮುಂದೆ ನೋಡದೆ ಕೊಡುತ್ತಿದ್ದ.

ನಮ್ಮ ಕೆಲಸ ಅದಕ್ಕಿಂತ ಕಷ್ಟದ್ದು. ಆಗ ಹೊರದೇಶದವರು ನಮ್ಮ ಬಟ್ಟೆ ವರ್ಷಕ್ಕೆ ಇಷ್ಟೇ ಬರಬೇಕು, ಒಂದು ಗಜ ಹೆಚ್ಚಾದರೂ ಒಳಗೆ ಬಿಡುವುದಿಲ್ಲ ಎಂದು ಮಿತಿ ಹಾಕಿದ್ದರು. ಆ ಮಿತಿಗೆ ಕೋಟಾ ಎಂದು ಹೆಸರು. ಅದರಲ್ಲಿ ದೊಡ್ಡ ಬಟ್ಟೆ ಗಿರಣಿಗಳಿಗೆ ಎಷ್ಟು, ನಮ್ಮಂಥ ಸಣ್ಣವರಿಗೆ ಎಷ್ಟು ಎಂಬುದನ್ನು ದಿಲ್ಲಿಯವರು ಹಂಚುತ್ತಿದ್ದರು. ನಮಗೆ ಇನ್ನೊಂದಿಷ್ಟು ಹೆಚ್ಚು ಕೊಡಿ ಎಂದು ಅರ್ಜಿ ಬರೆಯುವುದೇ ನಮ್ಮ ಕೇಂದ್ರದ ನೀತಿ. ಅರ್ಜಿ ಟೈಪು ಮಾಡುತ್ತಿದ್ದವನು ನಾನು, ಕೃಷ್ಣಾತ. ದಿಲ್ಲಿಯವರು ಉತ್ತರ ಬರೆಯುತ್ತಿರಲಿಲ್ಲ. ಹೀಗಾಗಿ ಎರಡೂ ಕಡೆಯ ಕೆಲಸ ಸುಸೂತ್ರವಾಗಿ ನಡೆದಿತ್ತು.

ನಮ್ಮ ಮುಖ್ಯಸ್ಥರು ಜಿನಪಾಲ ಸಾಹೇಬರು. ಮುಂಬಯಿಗೆ ಹೋಗಿ ಒಮ್ಮೆ ಹಡಗನ್ನು ಹೊರಗಿನಿಂದ ನೋಡಿ ಬಂದವರು. ನಮ್ಮಲ್ಲಿ ಬೇರೆ ಯಾರೂ ಅಷ್ಟೂ ನೋಡಿರಲಿಲ್ಲವಾದ್ದರಿಂದ ಅವರೇ ಮುಖ್ಯಸ್ಥರು. ೧೯೭೯ರಲ್ಲಿ ಅವರಿಗೆ, ಅಂತರರಾಷ್ಟ್ರೀಯ ವ್ಯಾಪಾರ ನೀತಿಯನ್ನು ಓದಿ ತಿಳಿದ ಒಬ್ಬ ಪದವೀಧರ ನಮ್ಮಲ್ಲಿ ಇರಲೇಬೇಕು ಎನ್ನಿಸಿತು. ಹಾಗೆ ಬಂದವನೇ ಸಿದ್ದರಾಯ.

ಗಡಹಿಂಗ್ಲಜದ ಹತ್ತಿರದ ಹಳ್ಳಿಯವನು. ಕುರಿ ಕಾಯುವ ಮನೆತನ. ಕೊಲ್ಹಾಪುರದ ಹಾಸ್ಟೆಲಿನಲ್ಲಿದ್ದು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಸಂದರ್ಶನಕ್ಕೆಂದು ಹೊಸ ಪ್ಯಾಂಟು ಹೊಲಿಸಿಕೊಂಡು ಬಂದಿದ್ದ. ಆ ಕಾಲದ ಪದ್ಧತಿಯಂತೆ ಪ್ಯಾಂಟಿನ ಕೆಳಭಾಗ ಎಷ್ಟು ಅಗಲವಿತ್ತೆಂದರೆ ಅದರಲ್ಲಿ ಇನ್ನೂ ಒಬ್ಬ ಎಂ.ಎ. ಹಿಡಿಸುತ್ತಿದ್ದ. ಸಂದರ್ಶನ ನಡೆಸಿದವರು ಜಿನಪಾಲ ಸಾಹೇಬರು ಮತ್ತು ನಮ್ಮೂರ ದೊಡ್ಡ ಮಗ್ಗದ ಮಾಲೀಕರಾದ ಮಹಾವೀರ ಶೇಠರು. ಮೂಲೆಯಲ್ಲಿ ಟೈಪ್‌ರೈಟರಿನ ಹಿಂದೆ ನಾನಿದ್ದೆ.

"ಓದು ಛಲೋ ಐತಿ," ಎಂದರು ಸಾಹೇಬರು. "ಆದ್ರ ನಿಮ್ಮ ಮನಿತನದಾಗ ಯಾರಿಗರ ಇಂಥಾ ವ್ಯಾಪಾರದ ಅನುಭವ ಐತೇನು?"

ಇಲ್ಲರಿ ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಕೆಲಸವೂ ಬಹುಶಃ ಸಿಕ್ಕುತ್ತಿತ್ತು. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಆದರೆ ಹೊಸ ಪ್ಯಾಂಟು ಮನುಷ್ಯನ ಬಾಯಲ್ಲಿ ಏನೇನೋ ಮಾತಾಡಿಸುತ್ತದೆ.

"ನಮ್ಮ ಸೋದರಮಾವ ಅದಾರ್ರಿ," ಎಂದ ಸಿದ್ದರಾಯ. "ಎರಡು ರಾಜ್ಯದ ನಡುವಿನ ವ್ಯಾಪಾರ ಸಂಧಾನದಾಗ ಭಾಳ ವರ್ಷದಿಂದ ಅದಾರ."

"ಯಾವ ವಿಭಾಗ?"

"ಪಶು ಸಂಪತ್ತುರಿ."

"ಮಾತುಕತಿ ಯಾವ ಭಾಷಾದಾಗ? ಇಂಗ್ಲಿಷಿನಾಗೇನು?"

"ಅವರು ಬಾಯಿನ ತೆರಿಯೂದಿಲ್ರಿ. ಒಂದು ಮಾತೂ ಆಡದ ವ್ಯಾಪಾರ ಮುಗಸ್ತಾರ."

ಮಹಾವೀರ ಶೇಠರು ಕೈಯಲ್ಲಿದ್ದ ಚಹಾದ ಬಸಿಯನ್ನು ಕೆಳಗಿಟ್ಟರು. "ಒಂದು ಮಾತೂ ಆಡದ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

ನ್ಯಾಯವಾಗಿ ನೋಡಿದರೆ ಸಿದ್ದರಾಯ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನ ಮಾವ ಜೋತಿಬಾ ಕುರಿ ದಲಾಲ. ಕರ್ನಾಟಕದ ಸಂಕೇಶ್ವರದ ಕಡೆಯ ಕುರಿಗಳನ್ನು ಮಹಾರಾಷ್ಟ್ರದ ಗಡಹಿಂಗ್ಲಜದ ಸಂತೆಯಲ್ಲಿ ಮಾರಿಸಿಕೊಡುತ್ತಿದ್ದ. ಆ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವ ಪದ್ಧತಿಯಿಲ್ಲ. ದಲಾಲ ತನ್ನ ಕಂಬಳಿಯನ್ನು ಎದುರಿನವನ ಕೈಮೇಲೆ ಹಾಕುತ್ತಾನೆ. ಒಳಗೆ ಬೆರಳು ಹಿಡಿದು ದರ ಹೇಳುತ್ತಾನೆ, ಅವನೂ ಬೆರಳು ಹಿಡಿದೇ ಉತ್ತರ ಕೊಡುತ್ತಾನೆ. ಸುತ್ತ ನಿಂತವರಿಗೆ ಕಾಣುವುದು ಕಂಬಳಿಯೊಂದೇ. ಇದು ಸಂತೆಗೆ ಹೋಗುವ ಮಕ್ಕಳಿಗೂ ಗೊತ್ತು. ಆದರೆ ನಮ್ಮ ಸಾಹೇಬರೂ ಶೇಠರೂ ಜೈನರು, ಬಾಳೆಹಣ್ಣನ್ನೂ ತಿರುಗಿಸಿ ನೋಡಿ ತಿನ್ನುವವರು. ಕುರಿ ಮಾರುವ ಸಂತೆಯ ಹಾದಿಯನ್ನೇ ಅವರು ಹುಟ್ಟಿದಾಗಿನಿಂದ ತುಳಿದಿರಲಿಲ್ಲ.

ಸಿದ್ದರಾಯನಿಗೆ ಹಂಗಾಮಿ ನೀತಿ ಸಹಾಯಕನ ಕೆಲಸ ಸಿಕ್ಕಿತು. ನಡತೆ ನೋಡಿ ಕಾಯಂ ಮಾಡುವುದು ಎಂದು ಮಾತಾಯಿತು. ಮೊದಲ ದಿನ ಅವನು ಗೋಡೆಯ ಮೇಲಿನ ಜಗತ್ತಿನ ನಕ್ಷೆಯ ಮುಂದೆ ಚಪ್ಪಲಿ ಬಿಟ್ಟು ನಿಂತದ್ದನ್ನು ನಾನು ಕಣ್ಣಾರೆ ಕಂಡೆ. ಸಾಹೇಬರು ಇಚಲಕರಂಜಿಯಿಂದ ಅಮೇರಿಕಾದವರೆಗೆ ಕೆಂಪು ನೂಲು ಕಟ್ಟಿದ್ದರು. ಸಿದ್ದರಾಯ ಅದನ್ನು ಬೆರಳಿನಿಂದ ಮುಟ್ಟಿ, ಏನೋ ಅಪಚಾರವಾದಂತೆ ಕೈ ಹಿಂದಕ್ಕೆ ತೆಗೆದುಕೊಂಡ. ನಗಬೇಕೆಂದುಕೊಂಡೆ, ನಗು ಬರಲಿಲ್ಲ. ನಾನೂ ಮೊದಲ ದಿನ ಹಾಗೆಯೇ ನಿಂತಿದ್ದೆ.

ಕಾಯಂ ಆಗುವುದು ಅವನಿಗೆ ಬರೀ ಸಂಬಳದ ಮಾತಾಗಿರಲಿಲ್ಲ. ಮಾವನ ಮಗಳು ನಾಗೂಬಾಯಿಯನ್ನು ಅವನಿಗೇ ಕೊಡುವುದೆಂದು ಚಿಕ್ಕಂದಿನಿಂದ ಮಾತಿತ್ತು. ಆದರೆ ಹಂಗಾಮಿ ಮನುಷ್ಯನಿಗೆ ಕಾಯಂ ಹೆಂಡತಿಯನ್ನು ಕೊಡುವುದು ಜೋತಿಬಾನಿಗೆ ಒಪ್ಪಿಗೆಯಿರಲಿಲ್ಲ. "ಮೊದಲ ಕಾಯಂ ಆಗು, ಆಮ್ಯಾಲ ಅಕ್ಕಿಕಾಳು," ಎಂದಿದ್ದ.

ಒಂದು ಭಾನುವಾರ ಸಿದ್ದರಾಯ ನನ್ನನ್ನೂ ತನ್ನ ಹಳ್ಳಿಗೆ ಕರೆದುಕೊಂಡು ಹೋದ. ನಾವು ಎಸ್.ಟಿ. ಬಸ್ಸಿನಿಂದ ಇಳಿಯುವಷ್ಟರಲ್ಲಿ ಅವನ ತಾಯಿ ಲಗಮವ್ವ ಕಟ್ಟೆಯ ತುಂಬ ಜನ ಕೂಡಿಸಿದ್ದಳು. ಎದುರು ಮನೆಯ ಕಿರಾಣಿ ಅಂಗಡಿಯ ಕಲ್ಲವ್ವನೇ ಮೊದಲು ಬಾಯಿ ತೆಗೆದಳು.

"ಸಿದ್ದಾ, ಆಫೀಸಿನಾಗ ನೀ ಏನ್ ಮಾಡ್ತಿಯಪ್ಪಾ?"

"ನಮ್ಮ ದೇಶದ ಅರಿವಿ ಹೊರದೇಶಕ್ಕ ಎಷ್ಟು ಹೋಗಬೇಕು ಅಂತ ನೋಡ್ತೀನಿ ಕಲ್ಲವ್ವಾಯಿ."

"ಅವರು ಬೇಕಾದಷ್ಟು ತಗೊಳ್ಳೂದಿಲ್ಲೇನು?"

"ಇಲ್ಲ. ಭಾಳ ಬರಬಾರದು ಅಂತ ಬಾಗಲಾ ಹಾಕ್ಯಾರ."

"ಅಂದ್ರ ನೀ ಬಾಗಲಾಗ ನಿಂದರ್ತಿ," ಎಂದು ಕಲ್ಲವ್ವ ಬಗೆಹರಿಸಿಬಿಟ್ಟಳು.

ಸಂಜೆಯೊಳಗೆ ಸುದ್ದಿ ನಾಲ್ಕು ಹಳ್ಳಿ ದಾಟಿತು. ಲಗಮವ್ವನ ಮಗ ಇಡೀ ದೇಶದ ಬಾಗಿಲಲ್ಲಿ ನಿಂತಿದ್ದಾನೆ, ಅವನು ಹೂಂ ಎಂದರೆ ಬಿಡುತ್ತಾರೆ, ಉಹೂಂ ಎಂದರೆ ಹಿಡಿಯುತ್ತಾರೆ. ತಾನಾಜಿ ಎಂಬ ದೂರದ ನೆಂಟನೊಬ್ಬ ಸೈಕಲ್ ಮೇಲೆ ಓಡಿಬಂದು, ಗಡಿಯ ತಪಾಸಣೆ ನಾಕೆಯಲ್ಲಿ ತನ್ನ ಅಕ್ಕಿ ಚೀಲ ಹಿಡಿದಿದ್ದಾರೆ, ಸ್ವಲ್ಪ ಬಿಡಿಸಿಕೊಡು ಎಂದು ಕೈಮುಗಿದ. ಅದು ತನ್ನ ವಿಭಾಗವಲ್ಲ ಎಂದು ಸಿದ್ದರಾಯ ಗಂಭೀರವಾಗಿ ಹೇಳಿದ. ಅಮೇರಿಕಾದ ಬಾಗಿಲು ಕಾಯುವವನಿಗೆ ಸಂಕೇಶ್ವರದ ನಾಕೆ ಎಲ್ಲಿ ಲೆಕ್ಕ ಎಂದು ತಾನಾಜಿ ಇನ್ನಷ್ಟು ಬೆರಗಾಗಿ ಹೋದ.

ಬೆರಗಾಗದೆ ಕುಳಿತಿದ್ದವನು ಜೋತಿಬಾ ಒಬ್ಬನೇ. ಹಣೆಗೆ ಅರಿಸಿನದ ಭಂಡಾರ, ತಲೆಗೆ ಪಟಕಾ, ಹೆಗಲಿಗೆ ಕರಿ ಕಂಬಳಿ. ಸಂತೆಯಲ್ಲಿ ತನ್ನಂಥ ದಲಾಲ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವುದಿಲ್ಲ ಎಂಬುದನ್ನು ಅವನು ಯಾರೂ ಕೇಳದಿದ್ದರೂ ಹೇಳುವವನು. ಎಲ್ಲ ಕೇಳಿಕೊಂಡ ಮೇಲೆ ಅಳಿಯನನ್ನು ಹತ್ತಿರ ಕರೆದ.

"ಕೊಡಾಂವ ಒಬ್ಬ, ತಗೊಳ್ಳಾಂವ ಒಬ್ಬ, ನಡುವ ನೀ. ಹೌದಲ್ಲೋ?"

"ಹೌದು ಮಾಮಾ."

"ಇದಕ ಏನಂತಾರ?"

"ನೀತಿ ಅಂತಾರ."

"ದಲಾಲಿ ಅಂತಾರ," ಎಂದ ಜೋತಿಬಾ.

ಸಿದ್ದರಾಯ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಬಸ್ಸಿನಲ್ಲಿ ಬರುವಾಗ ಕಾಗಲ ಊರು ದಾಟಿದ ಮೇಲೆ, "ಕೃಷ್ಣಾತ, ಆಫೀಸಿನಾಗ ಈ ಮಾತು ಎತ್ತಬ್ಯಾಡ," ಎಂದ. ನನಗೇಕೆ ಬೇಕು, ನಾನು ಎತ್ತಲಿಲ್ಲ.

ಎತ್ತಿದವರು ಜಿನಪಾಲ ಸಾಹೇಬರು. ದಿಲ್ಲಿಯವರು ನಮ್ಮ ಅರ್ಜಿಗೆ ಮೊದಲ ಬಾರಿ ಉತ್ತರ ಬರೆದು, ಚೌಧರಿ ಎಂಬ ಅಧಿಕಾರಿಯೊಬ್ಬರು ಬಂದು ಮಾಲೀಕರ ಜೊತೆ ಕೂತು ಮಾತಾಡುತ್ತಾರೆ ಎಂದು ತಿಳಿಸಿದ ದಿನ, ಸಾಹೇಬರು ಎರಡು ಲೋಟ ನೀರು ಕುಡಿದರು. ಆಮೇಲೆ ಸಿದ್ದರಾಯನ ಕಡೆ ತಿರುಗಿದರು.

"ಚೌಧರಿ ಭಾಳ ಕಠಿಣ ಮನಷ್ಯಾ ಅಂತ. ಅಹಮದಾಬಾದಿನವರನ್ನ ಅಳಿಸಿ ಕಳಿಸ್ಯಾನಂತ. ನಿಮ್ಮ ಮಾಮಾನ್ನ ಕರಸ್ರಿ."

"ಯಾರನ್ರಿ?"

"ಸಂಧಾನದವರನ್ನ. ಒಂದು ಮಾತೂ ಆಡದ ಮುಗಸ್ತಾರಲ್ಲ, ಅವರನ್ನ."

ಸಿದ್ದರಾಯ ಮಾವನಿಗೆ ಪುರುಸೊತ್ತಿಲ್ಲ ಎಂದ. ಮೈಯಲ್ಲಿ ಹುಷಾರಿಲ್ಲ ಎಂದ. ಪಶು ಸಂಪತ್ತಿನ ಕೆಲಸದ ಮೇಲೆ ಪರರಾಜ್ಯಕ್ಕೆ ಹೋಗಿದ್ದಾರೆ ಎಂದ. ಒಂದೊಂದು ನೆವಕ್ಕೂ ಸಾಹೇಬರ ಕಣ್ಣಲ್ಲಿ ಆ ಮಾವ ಒಂದೊಂದು ಗೇಣು ಎತ್ತರವಾದರು. ಕೊನೆಗೆ ಸಾಹೇಬರು ಮೆತ್ತಗೆ, "ಅವರು ಬಂದು ಈ ಕೆಲಸ ಆತಂದ್ರ ಆವತ್ತ ನಿಮ್ಮದು ಕಾಯಂ. ಬರಲಿಲ್ಲಂದ್ರ ಮಾಲೀಕರ ಮಂಡಳದವರಿಗೆ ನಾ ಏನ್ ಹೇಳ್ಲಿ?" ಎಂದರು. ಅದು ಬೆದರಿಕೆಯಲ್ಲ, ಸಾಹೇಬರಿಗೆ ಬೆದರಿಸಲು ಬರುತ್ತಿರಲಿಲ್ಲ. ಆದರೂ ಸಿದ್ದರಾಯನ ಮುಖ ಬಿಳುಚಿತು.

ಅಷ್ಟರಲ್ಲಿ ಮಹಾವೀರ ಶೇಠರು ತಮ್ಮ ಜೀಪನ್ನೇ ಗಡಹಿಂಗ್ಲಜಕ್ಕೆ ಕಳಿಸಿಬಿಟ್ಟಿದ್ದರು.

ಸಭೆಯ ದಿನ ಜೀಪು ಬಂದು ನಿಂತಿತು. ಮೊದಲು ಇಳಿದವಳು ರೊಟ್ಟಿಬುಟ್ಟಿ ಹೊತ್ತ ಲಗಮವ್ವ. ಅವಳ ಹಿಂದೆ, ಮುಂಜಾನೆ ಅಂಗಡಿ ಮುಚ್ಚಿ ಬಂದ ಕಲ್ಲವ್ವ. ಅವಳಿಗೆ ದೇಶದ ಬಾಗಿಲನ್ನು ನೋಡಬೇಕಾಗಿತ್ತು. ಕೊನೆಗೆ, ಯಾರ ಅವಸರವೂ ತನ್ನದಲ್ಲವೆಂಬಂತೆ, ಜೋತಿಬಾ ಇಳಿದ. ಪಟಕಾ, ಭಂಡಾರ, ಕಂಬಳಿ, ಕರ್ರಕರ್ರ ಎನ್ನುವ ಚಪ್ಪಲಿ.

ಸಿದ್ದರಾಯ ನನ್ನ ಟೈಪ್‌ರೈಟರಿನ ಹಿಂದೆ ಕೂತುಬಿಟ್ಟ. ಇನ್ನು ಮುಗಿಯಿತು ಎಂದುಕೊಂಡೆ ನಾನೂ. ಸಾಹೇಬರು ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದರು.

"ಶೇಠರ, ಕಂಬಳಿ ನೋಡ್ರಿ," ಎಂದು ಪಿಸುಗುಟ್ಟಿದರು. "ಕೈಮಗ್ಗದ್ದು. ಸಣ್ಣವರ ಪರವಾಗಿ ಮಾತಾಡಾಕ ಬರಾಂವ ಕೈಮಗ್ಗ ಹೊತಗೊಂಡ ಬಂದಾನ. ಒಂದು ಮಾತಾಡಿದ್ನೇನು? ಬರೇ ಉಡುಪಿನಾಗ ಹೇಳಿದಾ."

"ದೊಡ್ಡವರು ಹಿಂಗ ಇರ್ತಾರ್ರಿ," ಎಂದರು ಶೇಠರು, ಮತ್ತು ತಮ್ಮ ಟೆರಿಲಿನ್ ಅಂಗಿಯ ಬಗ್ಗೆ ನಾಚಿಕೊಂಡರು.

ಸಭೆ ಕೂಡಿದ್ದು ಮಹಾವೀರ ಶೇಠರ ಗೋದಾಮಿನಲ್ಲಿ. ಗೋಡೆಯಾಚೆಯೇ ಅವರ ಮಗ್ಗದ ಶೆಡ್ಡು. ಮುಂಜಾನೆಯಿಂದ ಕರೆಂಟು ಹೋಗಿದ್ದರಿಂದ ಮಗ್ಗಗಳು ನಿಂತಿದ್ದವು, ಇಚಲಕರಂಜಿಯಲ್ಲಿ ಅಪರೂಪಕ್ಕೆ ಮನುಷ್ಯರ ದನಿ ಕೇಳುತ್ತಿತ್ತು. ಚೌಧರಿ ಸಾಹೇಬರು ಸಫಾರಿ ಸೂಟಿನಲ್ಲಿ, ಕಲ್ಲಿನಂಥ ಮುಖ ಹೊತ್ತು ಕುಳಿತಿದ್ದರು. ನಮ್ಮವರು ಹೂವಿನ ಹಾರ ಹಾಕಿದರು. ಅವರು ತೆಗೆದಿಟ್ಟರು. ಪೇಡೆ ಕೊಟ್ಟರು. ಅವರು ಸರಿಸಿಟ್ಟರು.

"ನೂರಕ್ಕೆ ಇಪ್ಪತ್ತು ಪಾಲು ನಮಗ ಬೇಕ್ರಿ," ಎಂದು ಜಿನಪಾಲ ಸಾಹೇಬರು ಹಿಂದಿಯಲ್ಲಿ ವಿನಂತಿಸಿದರು.

"ಛೆ," ಎಂದರು ಚೌಧರಿ. ಅಂದರೆ ಆರು.

ಮುಂದಿನ ಒಂದು ತಾಸು ಇಷ್ಟೇ. ನಮ್ಮವರು ಒಬ್ಬೊಬ್ಬರಾಗಿ ಎದ್ದು ಇಪ್ಪತ್ತು ಎನ್ನುವರು, ಅವರು ಆರು ಎನ್ನುವರು. ಇಳಿಯಬೇಕೆಂಬ ಮನಸ್ಸು ನಮ್ಮ ಮಾಲೀಕರಲ್ಲಿ ಹಲವರಿಗಿತ್ತು. ಆದರೆ ಎಲ್ಲರ ಎದುರಿಗೆ ಮೊದಲು ಇಳಿದವನೆಂಬ ಹೆಸರು ಯಾರಿಗೂ ಬೇಡವಾಗಿತ್ತು. ಚೌಧರಿಯವರ ಪಕ್ಕದಲ್ಲಿ ಅವರ ಕೈಕೆಳಗಿನ ಇಬ್ಬರು ಕುಳಿತಿದ್ದರು. ಅವರೆದುರು ಇವರೂ ಏರುವಂತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಜೋತಿಬಾ ಅಳಿಯನ ಪಕ್ಕೆ ತಿವಿದ. "ಏನ್ ಅನ್ನಾಕತ್ಯಾರ?"

"ಅವರು ಆರು ಅಂತಾರ, ನಮ್ಮವರು ಇಪ್ಪತ್ತು. ಸುಮ್ಮ ಕೂಡ್ರು ಮಾಮಾ, ಕಾಲ್ ಬೀಳ್ತೀನಿ."

"ಇಷ್ಟು ಮಂದ್ಯಾಗ ಕೂತು ಬಾಯಿಲೆ ದರಾ ಹೇಳಿದ್ರ ಯಾರು ಬಗ್ಗತಾರ?" ಎಂದ ಜೋತಿಬಾ ಬೇಸರದಿಂದ. "ಶ್ಯಾಣ್ಯಾರು ಅಂತಿದ್ದಿ ಇವರಿಗೆ."

ಆ ಹೊತ್ತಿಗೆ ಕರೆಂಟು ಬಂತು.

ಇಚಲಕರಂಜಿಯನ್ನು ನೋಡದವರಿಗೆ ಇದನ್ನು ಹೇಳುವುದು ಕಷ್ಟ. ಗೋಡೆಯಾಚೆ ಎಲ್ಲ ಮಗ್ಗಗಳೂ ಒಮ್ಮೆಗೇ ಹೊಡೆದುಕೊಳ್ಳತೊಡಗಿದವು. ಪೇಡೆಯ ತಟ್ಟೆ ಮೇಜಿನ ಮೇಲೆ ತಾನಾಗಿ ನಡೆಯಿತು. ಚೌಧರಿಯವರ ತುಟಿ ಅಲ್ಲಾಡುತ್ತಿತ್ತು, ದನಿಯಿಲ್ಲ. ಜಿನಪಾಲ ಸಾಹೇಬರು ಬಾಯಿ ಅಗಲಿಸಿ ಕೂಗುತ್ತಿದ್ದರು, ಅದೂ ಇಲ್ಲ. ಮಹಾವೀರ ಶೇಠರು ಮಗ್ಗ ನಿಲ್ಲಿಸಿ ಎಂದು ಹೇಳಲು ಶೆಡ್ಡಿಗೆ ಓಡಿದರು, ಹೋದಷ್ಟೇ ಬೇಗ ತಿರುಗಿ ಬಂದರು. ನೇಯುವವರ ಕೂಲಿ ನೇಯ್ದ ಬಟ್ಟೆಯ ಮೇಲೆ. ಮುಂಜಾನೆಯಿಂದ ಕರೆಂಟಿಗೆ ಕಾದು ಕುಳಿತವರು ದಿಲ್ಲಿ ಬಂದಿದೆ ಎಂದರೆ ಮಗ್ಗ ಬಿಡುತ್ತಾರೆಯೆ? ಚೌಧರಿಯವರು ಸಿಟ್ಟಿನಿಂದ ಕಾಗದಗಳನ್ನು ಮಡಚತೊಡಗಿದರು. ಅವರ ಕಡತ ಮುಚ್ಚಿದರೆ ನಮ್ಮದು ಆರಕ್ಕೇ ಮುಗಿದಂತೆ, ಸಿದ್ದರಾಯನದೂ ಅಲ್ಲಿಗೇ ಮುಗಿದಂತೆ.

ಆಗ ಜೋತಿಬಾ ಎದ್ದ. ಯಾರನ್ನೂ ಕೇಳಲಿಲ್ಲ. ಸಾಲುಗಳ ನಡುವೆ ನಡೆದು ಹೋಗಿ, ಚೌಧರಿಯವರ ಎದುರಿನ ಕುರ್ಚಿಯಿಂದ ಜಿನಪಾಲ ಸಾಹೇಬರನ್ನು ಭುಜ ಹಿಡಿದು ಎಬ್ಬಿಸಿ ತಾನು ಕೂತ. ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಭಾರತ ಸರಕಾರದ ಬಲಗೈ ಮೇಲೆ ಹಾಕಿದ. ತನ್ನ ಕೈಯನ್ನೂ ಒಳಗೆ ತೂರಿಸಿದ.

ಸಿದ್ದರಾಯ ಕಣ್ಣು ಮುಚ್ಚಿಕೊಂಡ. ಕೈಕೆಳಗಿನವರಿಬ್ಬರು ಎದ್ದು ನಿಂತರು. ಚೌಧರಿಯವರು ಕೈ ಕಿತ್ತುಕೊಳ್ಳಲು ಎಳೆದರು. ಎಳೆದವರು ಅರ್ಧದಲ್ಲಿ ನಿಂತರು.

ಅವರ ಮುಖ ಬದಲಾಯಿತು. ಏನು ಬದಲಾಯಿತೆಂದು ಹೇಳಲು ನನಗೆ ಇಂದಿಗೂ ಬರುವುದಿಲ್ಲ. ಕೈಕೆಳಗಿನವರಿಗೆ ಕೂಡ್ರಿ ಎಂದು ಎಡಗೈ ಮಾಡಿದರು. ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡರು. ಕಂಬಳಿ ಅಲುಗಿತು.

ಆಮೇಲೆ ನಡೆದದ್ದನ್ನು ಆ ಗೋದಾಮಿನಲ್ಲಿದ್ದ ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಜೋತಿಬಾ ಸೂರಿನ ತಗಡು ಎಣಿಸುವವನಂತೆ ಮೇಲೆ ನೋಡುತ್ತಿದ್ದ, ಚೌಧರಿ ಕಿಟಕಿಯ ಕಡೆ. ನಡುವೆ ಕರಿ ಕಂಬಳಿ ಏಳುತ್ತಿತ್ತು, ಇಳಿಯುತ್ತಿತ್ತು. ಚೌಧರಿ ಒಮ್ಮೆ ತಲೆ ಅಲ್ಲಾಡಿಸಿದರು. ಜೋತಿಬಾ ಬಾಯಿ ಚಪ್ಪರಿಸಿದ. ಒಮ್ಮೆ ಜೋತಿಬಾ, ಇದು ಆಗುವ ಮಾತಲ್ಲವೆಂದು ಕೈ ಹೊರಗೆ ತೆಗೆದು ಎದ್ದೇ ನಿಂತ. ಅಷ್ಟೂ ಹೊತ್ತು ಕಲ್ಲಿನಂತಿದ್ದ ದಿಲ್ಲಿಯ ಅಧಿಕಾರಿ ಅವನ ಮುಂಗೈ ಹಿಡಿದು ಮತ್ತೆ ಕೂಡ್ರಿಸಿದರು. ಜಗತ್ತಿನ ವ್ಯಾಪಾರದ ದೊಡ್ಡ ಮಾತುಗಳನ್ನು ನಾನು ಟೈಪು ಮಾಡಿದ್ದೆ, ನೋಡಿರಲಿಲ್ಲ. ಅಂದು ನೋಡಿದೆ, ಮತ್ತು ಏನೂ ಕಾಣಲಿಲ್ಲ. ಕೈಮುಗಿಯಬೇಕೆನ್ನಿಸಿತು. ಕಲ್ಲವ್ವ ಮುಗಿದೇಬಿಟ್ಟಿದ್ದಳು.

ಕೊನೆಗೆ ಕಂಬಳಿ ನಿಂತಿತು. ಜೋತಿಬಾ ಸೊಂಟದ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದ. ವ್ಯಾಪಾರ ಕುದುರಿದ ಕುರಿಯ ಹಣೆಗೆ ಅದನ್ನು ಹಚ್ಚದೆ ಅವನು ಎಂದೂ ಎದ್ದವನಲ್ಲ. ಇಲ್ಲಿ ಕುರಿ ಕಾಣಲಿಲ್ಲ. ಅತ್ತಿತ್ತ ನೋಡಿ, ಸರಕಾರದ ಕಡತಕ್ಕೆ ಹಚ್ಚಿದ. ಚೌಧರಿಯವರು ಬೇಡವೆನ್ನಲಿಲ್ಲ. ಹಳದಿ ಬಿದ್ದ ಕಡತವನ್ನು ತೆರೆದು ಪೆನ್ನು ತೆಗೆದು ಬರೆದರು. ಬರೆಯುತ್ತ ಕೂಗಿ ಹೇಳಿದರು. ಅಷ್ಟರಲ್ಲೇ ಕರೆಂಟು ಮತ್ತೆ ಹೋಯಿತು. ಒಮ್ಮೆಗೇ ನಿಂತ ಮಗ್ಗಗಳ ಮೌನದಲ್ಲಿ ಅವರ ದನಿ ಗೋಡೆಗೆ ಬಡಿಯಿತು.

"ಚೌದಹ!"

ಹದಿನಾಲ್ಕು. ಮಹಾವೀರ ಶೇಠರು ನಿಂತಲ್ಲೇ ಕೂತರು. ಅಲ್ಲಿ ಕುರ್ಚಿಯಿರಲಿಲ್ಲ.

ಚೌಧರಿಯವರು ಜೋತಿಬಾನನ್ನೇ ನೋಡುತ್ತಿದ್ದರು. "ಕಹಾಂ ಸೀಖಾ?" ಎಂದು ಕೇಳಿದರು. ಎಲ್ಲಿ ಕಲಿತೆ?

ಮುಂಬಯಿಯ ಕುರಿ ವ್ಯಾಪಾರಿಗಳಿಂದ ಜೋತಿಬಾನಿಗೆ ಅಷ್ಟು ಹಿಂದಿ ಬರುತ್ತಿತ್ತು. "ಬಾಪ್ ಸೆ," ಎಂದ.

"ಮೈಂ ನೇ ಭೀ," ಎಂದರು ಚೌಧರಿ. ನಾನೂ ಅಪ್ಪನಿಂದಲೇ.

ಆಮೇಲೆ ಅವರು ಹೇಳಿದ್ದು ಸ್ವಲ್ಪವೇ. ಅವರ ತಂದೆ ಎಮ್ಮೆಗಳ ದಲಾಲ. ಜಾತ್ರೆಯಿಂದ ಜಾತ್ರೆಗೆ ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿ, ಆ ದುಡಿಮೆಯಲ್ಲೇ ಓದಿಸಿದವರು. ದಿಲ್ಲಿಯಲ್ಲಿ ಯಾರಾದರೂ ಕೇಳಿದರೆ ಇವರು, ನಮ್ಮ ತಂದೆ ವಾಣಿಜ್ಯ ಕ್ಷೇತ್ರದಲ್ಲಿದ್ದರು ಎನ್ನುತ್ತಿದ್ದರಂತೆ. ತಂದೆ ತೀರಿಕೊಂಡ ಮೇಲೆ ಬಟ್ಟೆಯ ಕೆಳಗೆ ತಮ್ಮ ಕೈಯನ್ನು ಯಾರೂ ಹಾಗೆ ಹಿಡಿದಿರಲಿಲ್ಲ ಎಂದರು. ಇದನ್ನು ಅವರು ತಮ್ಮ ಕೈಕೆಳಗಿನವರ ಎದುರಿಗೇ ಹೇಳಿದರು. ಹೇಳಿ, ಸರಿಸಿಟ್ಟಿದ್ದ ಪೇಡೆಯನ್ನು ತೆಗೆದುಕೊಂಡು ತಿಂದರು.

"ಇವರು ಯಾರು?" ಎಂದು ಕೇಳಿದರು.

ಸಿದ್ದರಾಯ ಹಿಂದಿನ ಸಾಲಿನಿಂದ ಎದ್ದು ಬಂದ. ಅವನ ಕಣ್ಣು ಒದ್ದೆಯಾಗಿತ್ತು. ಕಾಯಂ ಹೋದರೆ ಹೋಗಲಿ ಎಂದು ಅವನು ನಿಶ್ಚಯಿಸಿದ್ದು ನನಗೆ ಅವನ ನಡಿಗೆಯಲ್ಲೇ ಗೊತ್ತಾಯಿತು.

"ನಮ್ಮ ಸೋದರಮಾವರಿ," ಎಂದ, ಎಲ್ಲರಿಗೂ ಕೇಳುವಂತೆ. "ಗಡಹಿಂಗ್ಲಜ ಸಂತ್ಯಾಗ ಕುರಿ ದಲಾಲಿ ಮಾಡ್ತಾರ. ಸಂಧಾನಕಾರ ಅಲ್ಲ, ಏನಲ್ಲ. ಜಿನಪಾಲ ಸಾಹೇಬರ, ನಾ ನಿಮಗ ದೊಡ್ಡಸ್ತಿಕಿ ಹೇಳಿದ್ನಿ. ನಮ್ಮ ಮಾಮಾ ಕುರಿ ದಲಾಲ."

ಜಿನಪಾಲ ಸಾಹೇಬರು ಸಿದ್ದರಾಯನನ್ನು ನೋಡಿದರು. ಕಂಬಳಿಯನ್ನು ನೋಡಿದರು. ಕಡತದಲ್ಲಿ ಒಣಗುತ್ತಿದ್ದ ಹದಿನಾಲ್ಕನ್ನು ನೋಡಿದರು. ನಿಧಾನವಾಗಿ ಅವರ ಮುಖ ಅರಳಿತು.

"ಎಂಥಾ ವಿನಯ," ಎಂದರು.

"ವಿನಯ ಅಲ್ರಿ, ಖರೇನ ಹೇಳಾಕತ್ತೇನಿ."

"ಮನಿತನದಾಗ ಬಂದಿರ್ತೈತಿ," ಎಂದರು ಮಹಾವೀರ ಶೇಠರು, ನೆಲದ ಮೇಲಿನಿಂದಲೇ.

ಸಿದ್ದರಾಯ ಲಗಮವ್ವನನ್ನು ಕರೆದು ಸಾಕ್ಷಿ ಹೇಳಿಸಿದ. "ಹೌದ್ರಿ, ನಮ್ಮಣ್ಣ ಕುರಿ ಮಾರಸ್ತಾನ್ರಿ," ಎಂದಳು ಅವಳು. ಆ ತಾಯಿಯೂ ಗುಟ್ಟು ಬಿಡುವವಳಲ್ಲ ಎಂದು ಸಾಹೇಬರು ಅವಳಿಗೆ ಕೈಮುಗಿದರು. ಕಾಯಂ ಆದೇಶವನ್ನು, ಆಫೀಸಿನ ಟೈಪ್‌ರೈಟರು ತರಿಸಿ, ಅಲ್ಲೇ ಮೇಜಿನ ಮೇಲೆ ನನ್ನಿಂದ ಟೈಪು ಮಾಡಿಸಿದರು.

ಎಲ್ಲ ಚದುರಿದ ಮೇಲೆ ಜೋತಿಬಾ ಅಳಿಯನನ್ನು ಮೂಲೆಗೆ ಕರೆದ. ಅವನ ಮುಖದಲ್ಲಿ ಎಂದೂ ಕಾಣದ ಸಂಕೋಚವಿತ್ತು.

"ಸಿದ್ದಾ, ಯಾರಿಗೂ ಹೇಳಬ್ಯಾಡ. ಹದಿನಾಲ್ಕಕ್ಕ ಬಗ್ಗಿಸಿದ್ನಿ, ಖರೆ. ಹದಿನಾಲ್ಕು ಏನ?"

"ಮಾಮಾ, ಏನಂತ ತಿಳಿದಿದ್ದಿ?"

"ಕುರಿ ಇರಬೇಕು ಅಂದಕೊಂಡಿದ್ನಿ. ಹದಿನಾಲ್ಕ ಕುರಿಗೆ ಇಷ್ಟು ಮಂದಿ ಯಾಕ ಕೂಡ್ಯಾರ ಅಂತ ತಿಳೀಲಿಲ್ಲ."

ಸಿದ್ದರಾಯ ಅವನನ್ನು ಶೆಡ್ಡಿನ ಬಾಗಿಲಿಗೆ ಕರೆದುಕೊಂಡು ಹೋದ. ನಾನೂ ಹಿಂದೆ ಹೋದೆ. ಈ ಬಟ್ಟೆ ಲಾರಿಯಲ್ಲಿ ಮುಂಬಯಿಗೆ ಹೋಗಿ, ಹಡಗು ಹತ್ತಿ, ನಾವು ಯಾರೂ ನೋಡದ ದೇಶದಲ್ಲಿ ನಮ್ಮ ಹೆಸರೂ ಕೇಳದ ಮನುಷ್ಯನ ಮೈಮೇಲೆ ಅಂಗಿಯಾಗುತ್ತದೆ, ಹಾಗೆ ದೇಶದಿಂದ ಹೋಗುವ ನೂರು ಅಂಗಿಯಲ್ಲಿ ಇನ್ನು ಮುಂದೆ ಹದಿನಾಲ್ಕು ಸಣ್ಣವರ ಮಗ್ಗದ್ದು ಎಂದು ಹೇಳಿದ. ಹೇಳುತ್ತಿರುವಾಗಲೇ ಕರೆಂಟು ಬಂತು. ಸಾಲುಸಾಲು ಮಗ್ಗಗಳು ಎದ್ದವು. ಜೋತಿಬಾ ಬಾಗಿಲಲ್ಲಿ ನಿಂತು ಆ ತುದಿಯವರೆಗೂ ನೋಡಿದ. ನೋಡುತ್ತ ನೋಡುತ್ತ ಚಪ್ಪಲಿ ಬಿಟ್ಟ.

ಏನೋ ಕೇಳಿದ, ಕೇಳಿಸಲಿಲ್ಲ. ಸಿದ್ದರಾಯ ಏನೋ ಹೇಳಿದ, ಅದೂ ಕೇಳಿಸಲಿಲ್ಲ. ಆಗ ಜೋತಿಬಾ ಕಂಬಳಿ ತೆಗೆದು ಅಳಿಯನ ಕೈಮೇಲೆ ಹಾಕಿದ. ಆ ಬೆರಳಿನ ಮಾತು ಸಿದ್ದರಾಯನಿಗೆ ಎಂದೂ ಬರುತ್ತಿರಲಿಲ್ಲ, ನಾಚಿಕೆಯಿಂದ ಕಲಿತಿರಲಿಲ್ಲ. ಅಂದು ಬಹಳ ಹೊತ್ತು ಕೈ ಒಳಗೇ ಇಟ್ಟುಕೊಂಡು ನಿಂತಿದ್ದ. ಒಳಗೆ ಏನು ಮಾತಾಯಿತೆಂದು ನಾನು ಕೇಳಲಿಲ್ಲ. ಆದರೆ ತುಳಸಿ ಲಗ್ನವಾದ ಮೇಲೆ ಮೊದಲ ಮುಹೂರ್ತಕ್ಕೇ ನಾಗೂಬಾಯಿಯ ಮದುವೆ.

ಲಗ್ನಪತ್ರಿಕೆಯನ್ನು ಆಫೀಸಿನಲ್ಲಿ ನಾನೇ ಹಂಚಿದೆ. ಹುಡುಗಿಯ ತಂದೆಯ ಹೆಸರಿನ ಕೆಳಗೆ, ಅಳಿಯನೇ ಹಟ ಹಿಡಿದು ಅಚ್ಚು ಹಾಕಿಸಿದಂತೆ, ದಪ್ಪ ಅಕ್ಷರದಲ್ಲಿ 'ಕುರಿ ದಲಾಲರು, ಗಡಹಿಂಗ್ಲಜ' ಎಂದಿತ್ತು. ಜಿನಪಾಲ ಸಾಹೇಬರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡ್ರಿ ಕೃಷ್ಣಾತ," ಎಂದರು. "ಮಗಳ ಲಗ್ನದಾಗೂ ಗುಟ್ಟು ಬಿಟ್ಟು ಕೊಡ್ಲಿಲ್ಲ ಮನಷ್ಯಾ."